ಬೋಳು ಮೂತಿಯ ಕಾರು

ದುದ್ದದ ಕಾಂತರಾಜು ತನ್ನ ಕಾರಿನ ಮುಂದಿನ ನಂಬರ್ ಪ್ಲೇಟನ್ನು ಬಿಚ್ಚಿಸಿದ್ದು ಕಳ್ಳತನ ಮಾಡುವುದಕ್ಕಲ್ಲ, ಪೊಲೀಸರ ಕಣ್ಣಿಗೆ ಮಣ್ಣೆರಚುವುದಕ್ಕೂ ಅಲ್ಲ. ಬರೀ ಅಂದಕ್ಕೆ. ಹನ್ನೊಂದು ವರ್ಷದ ಹಳೇ ಬಿಳಿ ಕಾರು. ಸೆಕೆಂಡ್ ಹ್ಯಾಂಡ್ ಅಂತ ಅವನು ಹೇಳಿಕೊಳ್ಳುತ್ತಿದ್ದ. ಆರ್‌ಸಿ ಪ್ರಕಾರ ಥರ್ಡ್. ಅದಕ್ಕೆ ಪಾಲಿಶ್ ಹೊಡೆಸಿ, ಮುಂದೆ ಕಪ್ಪು ಜಾಲರಿ ಹಾಕಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ ಆ ಪ್ಲೇಟೊಂದು ಮದುಮಗನ ಮೂತಿಗೆ ಅಂಟಿಸಿದ ಬ್ಯಾಂಡೇಜಿನ ಹಾಗೆ ಕಂಡಿತು. ಸರಿ, ಬಿಚ್ಚಿಸಿಯೇ ಬಿಟ್ಟ. ಬಿಚ್ಚಿದ ಮೇಲೆ ಕಾರಿನ ಪ್ರಾಯ ಐದು ವರ್ಷ ಇಳಿಯಿತು ಅನ್ನುವುದು ಅವನ ಅಭಿಪ್ರಾಯ.

ಅವನ ತಾಯಿ ನಂಜಮ್ಮನ ಅಭಿಪ್ರಾಯ ಬೇರೆ. ಅವತ್ತು ಬೆಳಿಗ್ಗೆ ಕಾರು ಹತ್ತುವ ಮೊದಲು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಲೇ ಕಾಂತ, ಮುಂದ್ಗಡೆ ಬೋಳ್ ಮಾಡ್ಕಂಡು ಒಳ್ಳೇ ಕೆಲ್ಸಕ್ಕೆ ಒಂಟಿದ್ದೀಯಲ್ಲಲಾ. ತಗ್ದಿದ್ನ ಆಕು ಮೊದ್ಲು."

"ಸುಮ್ಕಿರವ್ವ, ಇದು ಈಗಿನ್ ಪ್ಯಾಸನ್ನು. ನಿಂಗೊತ್ತಾಗಲ್ಲ."

ಒಳ್ಳೇ ಕೆಲಸ ಅಂದರೆ ಹೆಣ್ಣು ನೋಡುವುದು. ಕಾಂತರಾಜುವಿಗೆ ಮೂವತ್ಮೂರು. ತಂದೆ ಇಲ್ಲ. ತೆಂಗಿನ ತೋಟವಿದೆ, ಐದು ಸೀಮೆ ಹಸುಗಳಿವೆ, ಡೈರಿಗೆ ದಿನಾ ಹಾಲು ಹೋಗುತ್ತದೆ, ಯಾರ ಹಂಗೂ ಇಲ್ಲ. ಆದರೆ ಈಗಿನ ಹೆಣ್ಣು ಹೆತ್ತವರಿಗೆ ಹಸು ಕಟ್ಟುವ ಅಳಿಯ ಅಂದರೆ ಮುಖ ಸೊಟ್ಟಗಾಗುತ್ತದೆ. ಹನ್ನೆರಡು ಮನೆಗೆ ಹೋಗಿ ಹನ್ನೆರಡು ಥರದ ಉಪ್ಪಿಟ್ಟು ತಿಂದು ಬಂದಿದ್ದ. "ಫೋನ್ ಮಾಡ್ತೀವಿ" ಅಂದವರಲ್ಲಿ ಒಬ್ಬರೂ ಮಾಡಿರಲಿಲ್ಲ. ಇದು ಹದಿಮೂರನೆಯದು, ಕೊಣನೂರಿನ ತೇಜಶ್ರೀ. ನಾಳೆ ಅಮಾವಾಸ್ಯೆ, ನಾಡಿದ್ದು ಆಷಾಢ ಶುರು. ಇವತ್ತು ತಪ್ಪಿದರೆ ಒಂದು ತಿಂಗಳು ಮದುವೆಯ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಅಷ್ಟರಲ್ಲಿ ಕೈಯಲ್ಲಿರುವ ಹುಡುಗಿಯೂ ಕೈಬಿಟ್ಟು ಹೋದರೆ ಏನು ಗತಿ ಅಂತ ನಂಜಮ್ಮ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ.

ಬೀದಿಯವರಿಗೆ ಮಾತ್ರ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಹೆಣ್ಣು ನೋಡಲು ಹೊರಟ ಸುದ್ದಿ ಹೊರಗೆ ಬಿತ್ತೋ, ಯಾರೋ ಒಬ್ಬ ಪುಣ್ಯಾತ್ಮ ಹೆಣ್ಣಿನ ಮನೆಗೆ ಫೋನ್ ಹಚ್ಚಿ "ಹುಡುಗ ಕುಡೀತಾನೆ" ಅಂದುಬಿಡುತ್ತಾನೆ. ಕುಡಿಯುವುದು ಹಾಲಾದರೂ ಸರಿಯೇ! ಅದಕ್ಕೇ ಕೇಳಿದವರಿಗೆಲ್ಲ "ಆಸ್ಪತ್ರೆಗೆ" ಅಂದಳು. ರೇಷ್ಮೆ ಸೀರೆ ಉಟ್ಟು ಆಸ್ಪತ್ರೆಗೆ ಹೋಗುವವಳನ್ನು ದುದ್ದದ ಜನ ಸುಮ್ಮನೆ ನೋಡಿದರು.

ಹಾಸನದ ಎನ್.ಆರ್. ಸರ್ಕಲ್ಲಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ.

"ಎಲ್ಲಯ್ಯ ನಂಬರು?"

"ಇಂದ್ಗಡೆ ಐತೆ ಸಾ."

"ನಾನ್ ನಿಂತಿರೋದು ಮುಂದ್ಗಡೆ."

"ಅದೂ... ಪ್ಲೇಟ್ ಇಲ್ದಿದ್ರೆ ಗಾಡಿ ಚೆನ್ನಾಗ್ ಕಾಣ್ತದೆ ಸಾ."

"ಟೋಪಿ ಇಲ್ದಿದ್ರೆ ನಾನೂ ಚೆನ್ನಾಗ್ ಕಾಣ್ತೀನಿ. ಅಂಗಂತ ಮನೇಲ್ ಬಿಚ್ಚಿಟ್ ಬರಕ್ಕಾಯ್ತದಾ? ಸೈಡಿಗಾಕು."

ದಂಡ ಕಟ್ಟಿ, ಬುದ್ಧಿವಾದ ಕೇಳಿ, ಸಂಜೆಯೊಳಗೆ ಪ್ಲೇಟು ಹಾಕಿಸುತ್ತೇನೆ ಅಂತ ಮಾತು ಕೊಟ್ಟು ಹೊರಡುವ ಹೊತ್ತಿಗೆ ಅರ್ಧ ಗಂಟೆ ಹೋಯಿತು. ನಂಜಮ್ಮ ಹಿಂದಿನ ಸೀಟಿನಲ್ಲಿ ದಂಡದ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ಬೈದಿದ್ದರೇ ವಾಸಿಯಿತ್ತು.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಸೋದರಮಾವ ಸ್ವಾಮಿಗೌಡ ಹಿರಿಯನಾಗಿ ಜೊತೆಗೆ ಬರಲು ಕಾದಿದ್ದ. ಫಳಫಳ ಹೊಳೆಯುವ ಕಾರಿನ ಬೋಳು ಮೂತಿ ಕಂಡದ್ದೇ ತಡ, ಕುಣಿದಾಡಿಬಿಟ್ಟ.

"ಅಯ್ ನನ್ ಮಗ್ನೇ! ಒಸಾ ಕಾರ್ ತಗಂಡ್ಬುಟ್ಟಾ? ಒಂದ್ ಮಾತ್ ಯೋಳ್ನಿಲ್ವಲ್ಲ! ನೋಡ್ರಪ್ಪಾ, ನನ್ನಳಿಯ, ಇನ್ನೂ ನಂಬರೇ ಬಂದಿಲ್ಲ!"

ಬಸ್ಸಿಗೆ ಕಾಯುತ್ತಿದ್ದ ಹತ್ತಾರು ಜನ ತಿರುಗಿ ನೋಡಿದರು. ಇಲ್ಲ ಮಾವ, ಇದು ಹಳೇದು ಅನ್ನಬೇಕಾಗಿದ್ದ ಕಾಂತರಾಜುವಿನ ನಾಲಿಗೆ ಅಷ್ಟು ಕಣ್ಣುಗಳ ಎದುರು ಏಳಲೇ ಇಲ್ಲ. ಮಾವ ಬಿಡುವವನೇ? ಓಡಿಹೋಗಿ ಚೆಂಡುಹೂವಿನ ಹಾರ, ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು ತಂದ. ಕಾಯಿ ಒಡೆದ, ಮೂತಿಗೆ ಹಾರ ಹಾಕಿದ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು "ಈಗತ್ತಿಸು" ಅಂದ. ಹನ್ನೊಂದು ವರ್ಷದ ಕಾರು ನಾಚಿಕೊಂಡು ಹಣ್ಣುಗಳ ಮೇಲೆ ಹಾದುಹೋಯಿತು. ಆಮೇಲೆ ಬಾಳೆಹಣ್ಣಿನ ಬುಟ್ಟಿ ಇಡಲು ಡಿಕ್ಕಿಯ ಕಡೆ ಹೋದ ಮಾವನ ಕೂಗು ಕೇಳಿಸಿತು.

"ಲೇ! ಇಂದ್ಗಡೆ ನಂಬರ್ ಐತಲ್ಲೋ!"

"ಟೈಮಾಯ್ತು ಮಾವ, ಅತ್ತಿ!"

ಅರಕಲಗೂಡು ದಾಟುವಾಗ ತೇಜಶ್ರೀಯ ತಂದೆಯ ಫೋನು ಬಂತು. "ಕೊಣನೂರು ಬಸ್‌ಸ್ಟ್ಯಾಂಡ್ ತಾವ ನಮ್ಮೋರೊಬ್ರು ನಿಂತಿರ್ತಾರೆ. ನೀವ್ ಮೊದ್ಲು ಕಳ್ಸಿದ್ ಪೋಟದಲ್ಲಿದ್ದ ಕಾರ್ ನಂಬರ್ ಯೋಳಿ ಕಳ್ಸಿವ್ನಿ. ನೀವ್ ಬೀದೀಲಿ ಯಾರ್ನೂ ಕೇಳ್ಬ್ಯಾಡಿ, ಊರ್ ಜನ ಒಳ್ಳೇರಲ್ಲ." ಅಂದರೆ ಗುಟ್ಟಿನ ಖಾಯಿಲೆ ಎರಡೂ ಕಡೆಗಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಬಿಳಿ ಪಂಚೆಯ ಯಜಮಾನರೊಬ್ಬರು ನಿಂತಿದ್ದರು. ಹಾರ ಹಾಕಿದ ಕಾರು ಕಂಡೊಡನೆ ಮುಖ ಅರಳಿತು. "ಬನ್ನಿ ಬನ್ನಿ, ನಿಮ್ಗೇ ಕಾಯ್ತಿದ್ದೆ" ಅಂತ ಮೆಲ್ಲಗೆ ಅಂದರು. ಇವರ ಹೆಸರು ಕೇಳಲಿಲ್ಲ, ತಮ್ಮದು ಹೇಳಲಿಲ್ಲ, ಸುತ್ತ ಕಿವಿಗಳಿದ್ದವಲ್ಲ. ಬೈಕು ಹತ್ತಿ ಮುಂದೆ ಹೊರಟರು, ಕಾರು ಹಿಂದೆ ಹೋಯಿತು.

ಮನೆಯಲ್ಲಿ ಭರ್ಜರಿ ಸತ್ಕಾರ. ಕೇಸರಿಬಾತಿನಲ್ಲಿ ದ್ರಾಕ್ಷಿ ಗೋಡಂಬಿಗೆ ಲೆಕ್ಕವಿರಲಿಲ್ಲ. ಹುಡುಗಿ ಕಾಫಿ ತಂದಳು. ತಲೆ ತಗ್ಗಿಸದೆ ಕಾಂತರಾಜುವಿನ ಮುಖವನ್ನೇ ನೇರ ನೋಡಿ ಲೋಟ ಕೊಟ್ಟಳು. ಹನ್ನೆರಡು ಹುಡುಗಿಯರಲ್ಲಿ ಒಬ್ಬಳೂ ಹಾಗೆ ನೋಡಿರಲಿಲ್ಲ. ಅವನಿಗೆ ಅವಳು ತುಂಬ ಇಷ್ಟವಾದಳು. ಕಾಫಿ ನಾಲಿಗೆ ಸುಟ್ಟದ್ದೂ ತಿಳಿಯಲಿಲ್ಲ.

"ಪೋಟದಲ್ಲಿ ಬ್ಯಾರೆ ಥರ ಇದ್ಲು ಕಣ್ಲಾ" ಅಂತ ನಂಜಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು.

"ಪೋಟನೆಲ್ಲ ಪೋನಲ್ಲಿ ತಿದ್ತಾರೆ, ಸುಮ್ಕಿರವ್ವ."

ನಂಜಮ್ಮ ಗಂಟಲು ಸರಿಮಾಡಿಕೊಂಡಳು. ಹೆಸರು ಗೊತ್ತಿದ್ದರೂ ಕೇಳುವುದು ಪದ್ಧತಿ. ಹುಡುಗಿಗೆ ಮಾತು ಬರುತ್ತದೆ ಅಂತ ಖಾತ್ರಿಯಾಗಬೇಕಲ್ಲ.

"ನಿನ್ನೆಸ್ರೇನವ್ವ?"

"ಸ್ನೇಹಲತಾ."

ಸ್ವಾಮಿಗೌಡ ಕೇಸರಿಬಾತಿನ ತಟ್ಟೆ ಕೆಳಗಿಟ್ಟ. "ಅದು ಮನೇಲ್ ಕರಿಯೋ ಎಸ್ರಾ ತಾಯಿ?"

"ಎಲ್ಲಾ ಕಡೇನೂ ಅದೇ."

"ಯಾಕೆ ಹರ್ಷವರ್ಧನ್, ಎಸ್ರು ಇಡಿಸ್ನಿಲ್ವಾ?" ಅಂತ ಯಜಮಾನರು ಕಾಂತರಾಜುವನ್ನು ನೋಡಿ ನಕ್ಕರು.

"ಯಾವ ಹರ್ಷವರ್ಧನ್?" ಅಂದ ಕಾಂತರಾಜು.

ಆಗ ಹೊರಬಿತ್ತು ನಿಜ. ಯಜಮಾನರ ಹೆಸರು ಕೃಷ್ಣಪ್ಪ, ಸ್ನೇಹಲತಾ ಅವರ ಮಗಳು. ಅವರು ಕಾಯುತ್ತಿದ್ದದ್ದು ಹರ್ಷವರ್ಧನ್ ಅನ್ನುವ ಹುಡುಗನಿಗೆ. 'ಹೊಸಾ ಬಿಳಿ ಕಾರು, ಇನ್ನೂ ನಂಬರ್ ಬಂದಿಲ್ಲ' ಅನ್ನುವುದು ಅವನು ಹೇಳಿದ್ದ ಗುರುತು. ತನ್ನದು ಹೊಸಾ ಕಾರಲ್ಲ ಅಂತ ಕಾಂತರಾಜು ಒಪ್ಪಿಕೊಂಡ. ಆಷಾಢದ ಭಯಕ್ಕೆ ಒಂದೇ ದಿನ ಒಂದೇ ಊರಿಗೆ ಎರಡು ಗಂಡಿನ ಕಡೆಯವರು ಬಂದಿದ್ದರು. ಅಷ್ಟರಲ್ಲೇ ತೇಜಶ್ರೀಯ ತಂದೆಯ ಫೋನು ಬಂತು.

"ನಿಮ್ ನಂಬರ್ ಕಾಣ್ನಿಲ್ಲ ಅಂತ ನಮ್ಮೋರು ಹಣ್ಣಿನ ಬುಟ್ಟಿ ಇದ್ದ ಯಾವ್ದೋ ಕಾರ್ನೋರ್ನ ಕರ್ಕಂಬಂದ್ಬುಟ್ರು. ಯಾರೋ ಹರ್ಷವರ್ಧನ್ ಅಂತೆ. ಹುಡ್ಗೀನೂ ಒಪ್ಪುದ್ಲು, ಅವ್ರೂ ಒಪ್ಪುದ್ರು. ನೀವು ಬ್ಯಾಸ್ರ ಮಾಡ್ಕಬ್ಯಾಡಿ."

ಹದಿಮೂರನೆಯದೂ ಹೋಯಿತು. ಅದೂ ನೋಡದೆಯೇ! ಕಾಂತರಾಜು ಎದ್ದು ಕೈ ಮುಗಿದ. ಅವನ ಕಣ್ಣುಗಳು ಒದ್ದೆಯಾಗಿದ್ದವು, ಅದನ್ನು ಮುಚ್ಚಿಡಲು ಅವನಿಗೆ ಆಗಲಿಲ್ಲ.

"ಅಪ್ಪಾಜಿ, ಒಂದ್ನಿಮ್ಸ" ಅಂದಳು ಸ್ನೇಹಲತಾ. "ಇವರ್ ಹತ್ರ ನಾನು ಮಾತಾಡ್ಬೇಕು."

ಹಿತ್ತಲ ಕಡೆ ಕರೆದುಕೊಂಡು ಹೋದಳು. ಅರಕಲಗೂಡಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ, ದಿನಾ ಸ್ಕೂಟರಿನಲ್ಲಿ ಓಡಾಟ.

"ನಿಮ್ದು ಹೊಸಾ ಕಾರಲ್ಲ ಅಂದ್ರಿ. ಹಂಗಾದ್ರೆ ಮುಂದಿನ ನಂಬರ್ ಎಲ್ಲೋಯ್ತು?"

"ಅಂದಕ್ಕೆ ಅಂತ ತಗಿಸ್ದೆ."

ಅವಳು ಮೊಣಕೈ ತೋರಿಸಿದಳು. ಉದ್ದಕ್ಕೆ ಹೊಲಿಗೆ ಹಾಕಿದ ಗುರುತು. "ಹೋದ ವರ್ಷ ಎದುರಿಂದ ಬಂದ ಕಾರು ಗುದ್ದಿ ನಿಲ್ಲಿಸ್ದೆ ಹೋಯ್ತು. ನಂಬರ್ ನೋಡಣ ಅಂದ್ರೆ ಮುಂದೆ ಬೋಳು. ಅವನೂ ಅಂದಕ್ಕೇ ತಗಿಸಿದ್ನೋ ಏನೋ."

ಆ ಕಾರು ಓಡಿಸುತ್ತಿದ್ದವನು ತಾನೇ ಏನೋ ಅನ್ನುವಷ್ಟು ನಾಚಿಕೆಯಾಯಿತು ಕಾಂತರಾಜುವಿಗೆ. "ಇವತ್ ಸಂಜೆ ಒಳ್ಗೆ ಆಕ್ತೀನಿ, ನಮ್ಮವ್ವನಾಣೆ" ಅಂದ. ಆಮೇಲೆ ಧೈರ್ಯ ಮಾಡಿ, "ನಾನ್ ಹಸ ಕಟ್ಟೋನು. ಪರ್ವಾಗಿಲ್ವಾ?" ಅಂದ.

"ಹಸು ಆಗ್ತವೆ. ಬೋಳು ಕಾರು ಆಗಲ್ಲ" ಅಂದಳು. ಇಬ್ಬರೂ ನಕ್ಕರು. ಫೋನ್ ನಂಬರು ಬದಲಾದವು.

ಕೃಷ್ಣಪ್ಪನವರಿಗೂ ಹುಡುಗ ಹಿಡಿಸಿದ. ಆದರೆ ಅವರ ಮನೆಯಲ್ಲಿ ಕೊನೆಯ ಮಾತು ಚನ್ನರಾಯಪಟ್ಟಣದಲ್ಲಿದ್ದ ಅಣ್ಣನದು. ಆ ದೊಡ್ಡಪ್ಪ ಹುಡುಗನ ಮನೆ ನೋಡಿ ಹೂಂ ಅಂದರೆ ಆಯಿತು. ಕೃಷ್ಣಪ್ಪ ಆಚೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. "ಇವತ್ತೇ ಸಂಜೆ ಐದಕ್ಕೆ ದುದ್ದಕ್ಕೆ ಬತ್ತಾರೆ. ಬೀದೀಲಿ ಯಾರ್ನೂ ಕೇಳಲ್ಲ, ನಾನೇ ಗುರ್ತು ಯೋಳಿವ್ನಿ."

ಊರಿಗೆ ಮರಳುವಾಗ ಕಾಂತರಾಜು ದಾರಿಯುದ್ದಕ್ಕೂ ಹಾಡಿದ. ಮನೆ ತಲುಪಿ ಹುಡುಕಿದರೆ ಪ್ಲೇಟು ಕೋಳಿಗೂಡಿನ ಬಾಗಿಲಿಗೆ ಅಡ್ಡವಾಗಿ ಕೂತಿತ್ತು. ಕೋಳಿಗಳನ್ನು ಓಡಿಸಿ, ಪ್ಲೇಟು ತೊಳೆದು ತಂದ. ಆದರೆ ಸ್ಕ್ರೂ ಇಲ್ಲ! ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ಗಂಟೆ ನಾಲ್ಕೂವರೆ. ತಲೆ ಮೇಲೆ ಕೈ ಹೊತ್ತು ಕೂತಿರುವಾಗ ಬೀದಿಯ ತಿರುವಿನ ಮನೆಯ ದೇವರಾಜ್ ಬಂದ. ಅವನೂ ಇವನ ವಾರಿಗೆಯವನು, ಇವನ ಹಾಗೇ ಬಿಳಿ ಕಾರಿನವನು, ಇವನ ಹಾಗೇ ಮದುವೆಯಾಗದವನು.

"ಯಾಕ್ಲಾ ಇಷ್ಟ್ ಅರ್ಜೆಂಟು?"

ಗುಟ್ಟು ಬಿಡಬಾರದು. "ಪೊಲೀಸ್ನೋರು ಇಡ್ದಿದ್ರು ಕಣ್ಲಾ. ಐದ್ರೊಳ್ಗೆ ಆಕ್ದಿದ್ರೆ ಕೆಟ್ಟೆ."

"ಇರು ಬತ್ತೀನಿ" ಅಂತ ಹೋದ ದೇವರಾಜ್ ಹತ್ತೇ ನಿಮಿಷಕ್ಕೆ ನಾಲ್ಕು ಸ್ಕ್ರೂ ತಂದು ಕೈಗಿಟ್ಟ. ಎಂಥ ಮಿತ್ರ! ಬೀದಿಯ ಜನವನ್ನೆಲ್ಲ ಸುಮ್ಮನೆ ಬೈದುಕೊಂಡೆವಲ್ಲ ಅಂತ ಕಾಂತರಾಜು ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡ.

ಐದಕ್ಕೆ ಐದು ನಿಮಿಷವಿದ್ದಾಗ ಪ್ಲೇಟು ಕೂತಿತು. ಕಾರು ಮನೆ ಮುಂದೆ ನಿಂತಿತು. ನಂಜಮ್ಮ ಜಗಲಿ ಗುಡಿಸಿ, ಚಾಪೆ ಹಾಸಿ, ಎಲೆ ಅಡಿಕೆ ಜೋಡಿಸಿಟ್ಟಳು. ಒಂದು ಜೀಪು ಬಂತು. ಮನೆ ಮುಂದೆ ನಿಧಾನ ಮಾಡಿತು. ಒಳಗಿದ್ದ ಪೇಟ ಸುತ್ತಿದ ಯಜಮಾನರು ಕಾರಿನ ಮೂತಿಯನ್ನು ಒಂದು ಸಲ ನೋಡಿ, ತಲೆಯಾಡಿಸಿ, ಮುಂದೆ ಹೋದರು. ಯಾರೋ ಬೇರೆಯವರು ಅಂದುಕೊಂಡ ಕಾಂತರಾಜು. ಐದೂವರೆಯಾಯಿತು. ಆರಾಯಿತು. ತಡೆಯಲಾರದೆ ಕೃಷ್ಣಪ್ಪನವರಿಗೆ ಫೋನ್ ಮಾಡಿದ.

"ಒಪ್ಬುಟ್ರಲ್ಲ ನಮ್ಮಣ್ಣ!" ಕೃಷ್ಣಪ್ಪನವರ ದನಿಯಲ್ಲಿ ಹಬ್ಬ. "ತಾಂಬೂಲನೂ ಬದಲಾಯಿಸ್ಕಂಡ್ ಹೋದ್ರು. ಏನ್ ಮನೆ ಕಟ್ಸಿದ್ದೀರಂತೆ, ಎರಡಂತಸ್ತು, ಕೆಳ್ಗೆಲ್ಲಾ ಗ್ರಾನೈಟು!"

ಕಾಂತರಾಜು ಹಿಂತಿರುಗಿ ತನ್ನ ಮನೆಯನ್ನು ನೋಡಿದ. "ಗೌಡ್ರೇ, ನಮ್ದು ಎಂಚಿನ್ ಮನೆ" ಅಂದ.

ಅಷ್ಟರಲ್ಲಿ ದೇವರಾಜ್ ಕೈಯಲ್ಲಿ ಎಲೆ ಅಡಿಕೆ ಹಿಡಿದುಕೊಂಡು, ನಗಬೇಕೋ ಅಳಬೇಕೋ ತಿಳಿಯದ ಮುಖ ಹೊತ್ತು ಬಂದ.

"ಲೇ ಕಾಂತ, ಯಾರೋ ಯಜಮಾನ್ರು ಬಂದ್ರು. ಮನೆ ನೋಡುದ್ರು, ಹುಡ್ಗ ಯಾರು ಅಂದ್ರು, ನಾನೇ ಅಂದೆ. ಹುಡ್ಗೀನ ನೀನು ನೋಡಿ ಒಪ್ಪಿದ್ದೀಯಲ್ಲಪ್ಪ ಅಂತಾರೆ! ಬಂದ ಲಕ್ಷ್ಮೀನ ಒದೀಬಾರ್ದು ಅಂತ ನಮ್ಮವ್ವ ತಾಂಬೂಲ ಇಸ್ಕಂಬುಟ್ಲು. ಹುಡ್ಗಿ ಯಾರ್ಲಾ?"

"ನಿಮ್ಮನೆಗ್ಯಾಕ್ ಬಂದ್ರು?"

"ಮುಂದೆ ನಂಬರ್ ಇಲ್ದಿರೋ ಬಿಳೀ ಕಾರ್ ನಿಂತಿರೋ ಮನೆ ಅಂತ ಯೋಳಿದ್ರಂತೆ."

"ನಿನ್ ಕಾರ್‌ಗೆ ನಂಬರ್ ಇತ್ತಲ್ಲೋ!"

"ಇತ್ತು. ನಿಂಗ್ ನಾಕ್ ಸ್ಕ್ರೂ ಬೇಕಾಗಿತ್ತಲ್ಲ."

ನಂಜಮ್ಮ ಜಗಲಿಯ ಮೇಲೆ ಕುಸಿದಳು. "ಆಕು ಅಂದಾಗ ಆಕ್ನಿಲ್ಲ. ಬುಟ್ಟಿರ್ಬೇಕಾದಾಗ ಆಕ್ದ. ಇಂಥೋನ್ನ ಎತ್ತು ನಾನೇನ್ ಮಾಡ್ಲಿ!"

ಕಾಂತರಾಜುವಿನ ಫೋನು ಮತ್ತೆ ಹೊಡೆದುಕೊಂಡಿತು. ಸ್ನೇಹಲತಾ.

"ಎಲ್ಲಾ ಗೊತ್ತಾಯ್ತು. ಪ್ಲೇಟ್ ಹಾಕಿದ್ರಾ?"

"ಆಕ್ದೆ. ಅದ್ರಿಂದ್ಲೇ ಕೆಟ್ಟೆ."

"ಕೆಟ್ಟಿಲ್ಲ ಸುಮ್ನಿರಿ. ದೊಡ್ಡಪ್ಪ ಒಪ್ಪಿರೋದು ಮನೇನ. ಹುಡುಗನ್ನ ಒಪ್ಪಬೇಕಾದವಳು ನಾನು. ಆದ್ರೆ ಕೊಟ್ಟ ತಾಂಬೂಲ ವಾಪಸ್ ತಗೊಳ್ಳೋ ಮಾತನ್ನ ಆಷಾಢದಲ್ಲಿ ಆಡೋ ಹಾಗಿಲ್ವಂತೆ. ಒಂದು ತಿಂಗಳು ಕಾಯ್ತೀರಾ?"

"ಕಾಯ್ತೀನಿ" ಅಂದ. ಹನ್ನೆರಡು ಫೋನುಗಳಿಗೆ ಕಾದವನಿಗೆ ಒಂದು ತಿಂಗಳು ಯಾವ ಮಹಾ?

"ಹಾಗಾದ್ರೆ ನಿಮ್ಮ ಕಾರ್ ನಂಬರ್ ಹೇಳಿ. ಶ್ರಾವಣದಲ್ಲಿ ದೊಡ್ಡಪ್ಪನ ಕೈಗೆ ನಾನೇ ಚೀಟಿ ಬರೆದುಕೊಟ್ಟು ಕಳಿಸ್ತೀನಿ."

ಕಾಂತರಾಜು ಬಾಯಿ ತೆರೆದ. ನಂಬರು ನೆನಪಿಗೆ ಬರಲಿಲ್ಲ. ಜಗಲಿಯಿಂದ ಹಾರಿ, ಕಾರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಕೋಳಿ ಗೀಚಿದ ಆ ಪ್ಲೇಟನ್ನು ಬೀದಿಗೆಲ್ಲ ಕೇಳಿಸುವ ಹಾಗೆ ಒಂದೊಂದೇ ಅಂಕಿ ಓದತೊಡಗಿದ.