ಹಳದಿ ಬಾವುಟದ ರೇಸು

ಹವ್ಯಾಸಿ ಕಾರ್ ರೇಸ್ ಸಂಘದ ವಾರ್ಷಿಕ ರೇಸಿನಲ್ಲಿ ಕಳೆದ ನಾಲ್ಕು ವರ್ಷಗಳಿಂದ ಒಂದೂ ಅಪಘಾತ ಸಂಭವಿಸಿಲ್ಲ. ಒಂದು ಕಾರು ಇನ್ನೊಂದನ್ನು ಹಿಂದೆ ಹಾಕಿದ್ದೂ ಇಲ್ಲ. ಎರಡನ್ನೂ ತಳಕು ಹಾಕಿ ಮಾತಾಡುವುದು ಸಂಘದ ಘನತೆಗೆ ಕುಂದು ತರುವ ಕೆಲಸ.

ಹಸಿರು ಬಾವುಟ ಬೀಸಿದರೆ ರೇಸು. ಹಳದಿ ಬೀಸಿದರೆ ಅಪಾಯವಿದೆ, ಸಾಲು ಬಿಡದೆ ನಿಧಾನಕ್ಕೆ ಹೋಗಬೇಕು. ಹಸಿರು ಬಾವುಟ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಬೀಗದ ಕೈ ಕಳೆದುಹೋಗದಿರಲೆಂದು ಸಮಿತಿಯವರು ಅದನ್ನೂ ಪೆಟ್ಟಿಗೆಯೊಳಗೇ ಇಟ್ಟು, ಬೀಗ ಒತ್ತಿದ್ದರು. ಬೀಗದ ಕೈ ಇಂದಿಗೂ ಕಳೆದಿಲ್ಲ.

ಹಾಗಾಗಿ ಪ್ರತಿವರ್ಷ ಹಳದಿಯೇ. ಸದಸ್ಯತ್ವದ ಸಂಖ್ಯೆಯ ಪ್ರಕಾರ ಸಾಲು ನಿಲ್ಲುತ್ತಿದ್ದರಿಂದ ಒಂದನೇ ನಂಬರಿನ ಫರ್ನಿಚರ್ ಅಂಗಡಿಯವನು ಸತತ ನಾಲ್ಕು ಬಾರಿ ಗೆದ್ದು, ರೇಸಿನ ತಂತ್ರದ ಬಗ್ಗೆ ಉಪನ್ಯಾಸ ಕೊಡುತ್ತಿದ್ದ.

ಕೊನೆಯ ನಂಬರು, ಹನ್ನೊಂದು, ಅವನ ಅಕ್ಕನ ಗಂಡನದು. ಈತ ಬೀಗ ರಿಪೇರಿಯವನು. ಎರಡು ವರ್ಷ ಎಣ್ಣೆ ಮೆತ್ತಿಕೊಂಡು ಹಳೆಯ ಕಾರಿಗೆ ಜೀವ ತುಂಬಿದ್ದ. "ಇದೇ ಕೊನೆ. ಸೋಮವಾರ ಕಾರು ಮಾರಲೇಬೇಕು" ಎಂದು ಹೆಂಡತಿ ಹೇಳಿಯಾಗಿತ್ತು. ಅಷ್ಟರೊಳಗೆ ಒಂದೇ ಒಂದು ಸಲ ಭಾವಮೈದುನನನ್ನು ಹಿಂದೆ ಹಾಕಬೇಕು. ಅವನಿಗೆ ಬೇರೇನೂ ಬೇಡವಾಗಿತ್ತು.

ಬೆಳಿಗ್ಗೆ ತಪಾಸಣೆ ನಡೆಯಿತು. ತಪಾಸಣಾಧಿಕಾರಿ ಚಕ್ರ ಅಲ್ಲಾಡಿಸಿದ, ಹೆಲ್ಮೆಟ್ಟಿಗೆ ಗೆಣ್ಣಿನಿಂದ ಕುಟ್ಟಿದ, ಒಳಗೆ ತಲೆ ಇದೆಯೇ ಎಂದು ಕೇಳಿ ಬರೆದುಕೊಂಡ. ಆಮೇಲೆ ಊಟಕ್ಕೆ ಮನೆಗೆ ಹೋದ.

ಬೀಗದವನು ಕಾರ್ಯದರ್ಶಿಯ ಮೇಜಿನ ಮುಂದೆ ನಿಂತ.

"ಸಾರ್, ಆ ಬೀಗ ನಾನು ತೆಗೀತೀನಿ. ಒಂದು ನಿಮಿಷದ ಕೆಲಸ."

"ನೀವು ಸ್ಪರ್ಧಿ. ಸ್ಪರ್ಧಿಗಳು ಸಂಘದ ಸಾಮಾನು ಮುಟ್ಟೋ ಹಾಗಿಲ್ಲ. ಬೇರೆ ಬೀಗದವರು ಇದಾರಾ?"

"ಊರಿಗೆಲ್ಲ ನಾನೊಬ್ಬನೇ."

"ನೋಡಿ, ತೊಂದರೆ ಇರೋದೇ ಅಲ್ಲಿ."

"ಸ್ಪರ್ಧೆಯಿಂದ ಹಿಂದೆ ಸರಿದು, ತೆಗೆದು, ಮತ್ತೆ ಸೇರ್ಕೊಂಡ್ರೆ?"

"ಧಾರಾಳವಾಗಿ. ಅರ್ಜಿ ಕೊಡಿ, ಮೂವತ್ತು ದಿನದಲ್ಲಿ ಉತ್ತರ ಬರುತ್ತೆ."

ಅಷ್ಟರಲ್ಲಿ ಭಾವಮೈದುನ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಬಿಡಿ ಭಾವ, ಹಿಂದೇನೇ ಬನ್ನಿ. ನನ್ನ ಕಾರಿನ ಹಿಂಭಾಗಾನೂ ನೋಡೋಕೆ ಚೆನ್ನಾಗೇ ಇದೆ."

ಬೀಗದವನಿಗೆ ಮೈಯೆಲ್ಲ ಉರಿಯಿತು. ನಾನು ಓಡಿಸದಿದ್ದರೂ ಚಿಂತೆಯಿಲ್ಲ, ಇವನ ಸೊಕ್ಕು ಯಾರಾದರೂ ಮುರಿಯಲಿ ಎಂದುಕೊಂಡು, ಕಾರಿಗೆ ಅಂಟಿಸಿದ್ದ ಹನ್ನೊಂದನ್ನು ಕಿತ್ತು ಮೇಜಿನ ಮೇಲಿಟ್ಟು, ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ನಾಲ್ಕು ವರ್ಷದಿಂದ ಕೆಲಸವಿಲ್ಲದೆ ಬೇಸತ್ತಿದ್ದ ಸಮಯಪಾಲಕ ಸ್ಟಾಪ್‌ವಾಚ್ ಒತ್ತಿದ. ಬೀಗ ಮೂವತ್ತೆಂಟು ಸೆಕೆಂಡಿಗೆ ಬಾಯಿಬಿಟ್ಟಿತು.

ಹಸಿರು ಬಾವುಟ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕಾರ್ಯದರ್ಶಿ, ತಪಾಸಣೆಯಾಗದ ವಸ್ತುವನ್ನು ಟ್ರ್ಯಾಕಿಗೆ ತರುವಂತಿಲ್ಲವೆಂದೂ ಅಧಿಕಾರಿ ಊಟ ಮುಗಿಸಿ ಮಲಗಿದ್ದಾರೆಂದೂ ಪ್ರಕಟಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಹತ್ತು ಕಾರುಗಳು ಹಳದಿ ಬಾವುಟದಡಿ ಶಿಸ್ತಾಗಿ ಮೂರು ಸುತ್ತು ಬಂದವು. ಭಾವಮೈದುನ ಮೊದಲು ಬಂದ. ಬೇಲಿಯ ಹೊರಗೆ ನಿಂತ ಬೀಗದವನಿಗೆ ನಿಜಕ್ಕೂ ಅಳು ಬಂತು.

ಬಹುಮಾನದ ಹೊತ್ತಿಗೆ ಸಮಯಪಾಲಕನ ಪುಸ್ತಕ ತೆರೆದರು. ಹಳದಿ ಬಾವುಟದ ಸುತ್ತುಗಳಿಗೆ ಸಮಯ ಬರೆಯುವಂತಿಲ್ಲ. ಪುಸ್ತಕದಲ್ಲಿ ಸಮಯವೇ ಇಲ್ಲದಿದ್ದರೆ ಮಾತ್ರ ಮೊದಲು ಬಂದವನು ವಿಜೇತ. ಈ ಸಲ ಪುಸ್ತಕದಲ್ಲಿ ಒಂದು ಸಮಯವಿತ್ತು: ಮೂವತ್ತೆಂಟು ಸೆಕೆಂಡು.

"ಸಾರ್, ನಾನು ಸ್ಪರ್ಧೀನೇ ಅಲ್ವಲ್ಲ?" ಎಂದ ಬೀಗದವನು.

"ನಿಯಮದಲ್ಲಿ ಅತಿ ಕಡಿಮೆ ಸಮಯ ತಗೊಂಡವರಿಗೆ ಕಪ್ ಅಂತಿದೆ. ಸ್ಪರ್ಧಿ ಅಂತಾಗಲಿ, ಕಾರು ಅಂತಾಗಲಿ ಎಲ್ಲೂ ಇಲ್ಲ. ಸುಮ್ನೆ ತಗೊಳ್ಳಿ."

ಭಾವಮೈದುನ ಮುಖ ಚಿಕ್ಕದು ಮಾಡಿಕೊಂಡ. ಆದರೆ ಜಗಳಕ್ಕೆ ಬರಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ಭಾವ, ಅಂಥ ಬೀಗ ಎಲ್ಲಿ ಸಿಗುತ್ತೆ? ಈಗಿಂದಾನೇ ಅಭ್ಯಾಸ ಮಾಡ್ಬೇಕು" ಎಂದ. ಚಾಂಪಿಯನ್ನನ ಕಾರನ್ನು ಮಾರಲು ಹೆಂಡತಿಗೂ ಮನಸ್ಸಾಗಲಿಲ್ಲ.

ಮರುವರ್ಷ ನೂರ ನಲವತ್ತು ಜನ ಬೀಗ ಹಿಡಿದು ಬಂದರು. ತಪಾಸಣಾಧಿಕಾರಿ ಎಲ್ಲರ ಹೆಲ್ಮೆಟ್ಟಿಗೂ ಕುಟ್ಟಿದ. ಟ್ರ್ಯಾಕಿನ ಉದ್ದಕ್ಕೂ ಚಾಪೆ ಹಾಸಿ ಸ್ಪರ್ಧಿಗಳನ್ನು ಕೂರಿಸಲಾಯಿತು. ಬೀಗದವನೊಬ್ಬನೇ ಕಾರು ತಂದಿದ್ದ.

"ಸಾರ್, ಎಲ್ಲ ಮುಗಿದ ಮೇಲೆ ನಾನು ಒಂದೇ ಒಂದು ಸುತ್ತು ಹೋಗಿ ಬರ್ಲಾ?"

ಕಾರ್ಯದರ್ಶಿ ಬೆಚ್ಚಿಬಿದ್ದರು. "ಏನ್ ಮಾತು ಅಂತ ಆಡ್ತೀರಿ? ಇದು ರೇಸ್ ಟ್ರ್ಯಾಕು! ಕಾರು ಓಡಿಸೋ ಜಾಗಾನಾ?"

"ಅದೂ ನಿಜವೇ" ಎಂದ ಬೀಗದವನು, ಹೆಲ್ಮೆಟ್ ಬಿಗಿದುಕೊಂಡು ತನ್ನ ಚಾಪೆಯ ಮೇಲೆ ಹೋಗಿ ಕೂತ.