ಕಾಪುವಿನ ವಾರ್ಫಿಂಜರ್

೧೯೭೮ರಲ್ಲಿ ಕಾಪುವಿನ ಕರಾವಳಿ ಸಾಗಣೆ ಕಚೇರಿಯಲ್ಲಿ ಮಂಜೂರಾದ ಹುದ್ದೆಗಳು ಎರಡು: ವಾರ್ಫಿಂಜರ್ ಮತ್ತು ವಾರ್ಫಿಂಜರನ ಮೇಲ್ವಿಚಾರಕ. ವಾರ್ಫಿಂಜರ್ ಎಂದರೇನು ಎಂಬುದು ಮದರಾಸಿನ ಕಾಲದ ಯಾವ ಕಡತದಲ್ಲಿಯೂ ನಮೂದಾಗಿರಲಿಲ್ಲ. ಆದ್ದರಿಂದ ಕಚೇರಿ ಸುಸೂತ್ರವಾಗಿ ನಡೆಯುತ್ತಿತ್ತು.

ಆ ಹುದ್ದೆಯಲ್ಲಿ ತಾತ್ಕಾಲಿಕವಾಗಿ ಕುಳಿತಿದ್ದ ಮೊಯಿದಿನಬ್ಬನಿಗೆ ಒಂದೇ ಚಿಂತೆ. ಕೆಲಸ ಖಾಯಂ ಆಗದೆ ಮೆಹರುನ್ನಿಸಾಳನ್ನು ಕೊಡುವುದಿಲ್ಲ ಎಂದು ಅವಳ ತಂದೆ ಹಾಜಬ್ಬ ಕಡ್ಡಿ ಮುರಿದಂತೆ ಹೇಳಿದ್ದರು. ದುಬಾಯಿಯ ಹುಡುಗನೊಬ್ಬ ಹೆಣ್ಣು ನೋಡಲು ಬರುವವನಿದ್ದ.

ಖಾಯಂ ಆಗಲು ಅರ್ಜಿಯಲ್ಲಿ ಕರ್ತವ್ಯ ಬರೆಯಬೇಕಿತ್ತು. ಮೊಯಿದಿನಬ್ಬ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ ಲೈಬ್ರರಿಯ ದಪ್ಪ ನಿಘಂಟನ್ನು ತೆರೆದ. ವಾರ್ಫಿಂಜರ್: ಹಡಗುಕಟ್ಟೆಯನ್ನು ನೋಡಿಕೊಳ್ಳುವವನು. ಮೂಲರೂಪ ವಾರ್ಫೇಜರ್, ನಡುವಿನ ಎನ್ ಅಕ್ಷರ ನಾನ್ನೂರು ವರ್ಷಗಳ ಹಿಂದೆ ತಾನಾಗಿ ಬಂದು ಸೇರಿದ್ದು.

ಮೇಲ್ವಿಚಾರಕ ರೊಸಾರಿಯೊ ಇದನ್ನು ಅರ್ಜಿಯಲ್ಲಿ ಓದಿ, ಎದ್ದು ಬಾಗಿಲು ಹಾಕಿದರು.

"ಕಾಪುವಿನಲ್ಲಿ ಹಡಗುಕಟ್ಟೆ ಉಂಟಾ?"

"ಇಲ್ಲ ಸರ್. ದೋಣಿಗಳನ್ನು ಮರಳಿಗೇ ಎಳೆಯುತ್ತಾರೆ."

"ಕಟ್ಟೆ ಇಲ್ಲದಿದ್ದರೆ ನೀನಿಲ್ಲ. ನೀನಿಲ್ಲದಿದ್ದರೆ ನಾನು ಯಾರ ಮೇಲ್ವಿಚಾರಕ? ಅರ್ಥ ಹುಡುಕುವ ಮೊದಲು ಒಂದು ಮಾತು ಕೇಳಬಾರದಿತ್ತಾ ಮಾರಾಯ?"

ವಿಷಯ ಉಡುಪಿಯ ನೇಮಕಾತಿ ಸಮಿತಿಗೆ ಹೋಯಿತು. ಸಮಿತಿ, ಊಟದ ಅನುಕೂಲಕ್ಕಾಗಿ ಕಾರ್ಕಳದಲ್ಲಿ ಸೇರಿ, ಹೀಗೆ ಆದೇಶಿಸಿತು:

"ನಿಘಂಟು ಸರಕಾರಿ ಪ್ರಕಟಣೆಯಲ್ಲವಾದ್ದರಿಂದ ಸದರಿ ಪದದ ಅರ್ಥವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಎನ್ ಅಕ್ಷರವು ನೇಮಕಾತಿ ಆದೇಶವಿಲ್ಲದೆ ಸೇರಿದ್ದರೂ, ನಾನ್ನೂರು ವರ್ಷಗಳ ನಿರಂತರ ಸೇವೆಯನ್ನು ಪರಿಗಣಿಸಿ ಅದನ್ನು ಖಾಯಂಗೊಳಿಸಲಾಗಿದೆ. ಪದದ ಅರ್ಥ ತನಗೆ ತಿಳಿದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟಲ್ಲಿ ನೌಕರನನ್ನೂ ಖಾಯಂಗೊಳಿಸಬಹುದು."

"ಆದರೆ ನನಗೆ ತಿಳಿದಿದೆಯಲ್ಲ ಸರ್?" ಎಂದ ಮೊಯಿದಿನಬ್ಬ.

"ಮರೆಯಲಿಕ್ಕೆ ಎಷ್ಟು ದಿನ ಬೇಕು? ಸಾಂದರ್ಭಿಕ ರಜೆ ಕೊಡುತ್ತೇನೆ," ಎಂದರು ರೊಸಾರಿಯೊ.

ಮೊಯಿದಿನಬ್ಬ ರಜೆ ಹಾಕಿ, ಮನೆಯ ಜಗಲಿಯಲ್ಲಿ ಕುಳಿತು ಮರೆತ. ಸೋಮವಾರ ಬಂದು ಮುಚ್ಚಳಿಕೆಗೆ ಸಹಿ ಹಾಕಿದ.

ಹಾಜಬ್ಬ ಆದೇಶವನ್ನು ಕೂಲಂಕಷವಾಗಿ ಓದಿಸಿಕೊಂಡರು.

"ದುಬಾಯಿಯವನು ಕ್ರೇನ್ ಓಡಿಸುವುದಂತೆ," ಎಂದರು ಹೆಂಡತಿಗೆ. "ಕ್ರೇನ್ ಹಾಳಾದರೆ ಮನೆಗೆ ಬರಬೇಕು. ಇವನ ಕೆಲಸ ಎಂತದೆಂದು ಸರಕಾರಕ್ಕೇ ಗೊತ್ತಿಲ್ಲ. ತೆಗೆಯುವುದು ಯಾರು?"

"ಅಪ್ಪಾ, ನನಗೂ ಗೊತ್ತಿಲ್ಲ," ಎಂದು ಮೆಹರುನ್ನಿಸಾ ಒಳಗಿನಿಂದ ಒಪ್ಪಿಗೆ ಸೂಚಿಸಿದಳು.

ನಿಕಾಹಿನ ಆಮಂತ್ರಣ ಕಾಗದದಲ್ಲಿ ವರನ ಹೆಸರಿನ ಕೆಳಗೆ 'ವಾರ್ಫಿಂಜರ್, ಖಾಯಂ' ಎಂದು ಅಚ್ಚಾಯಿತು. ಬಂದವರೆಲ್ಲ ಅದನ್ನು ಗೌರವದಿಂದ ಓದಿ, ಏನೂ ಕೇಳದೆ ಊಟಕ್ಕೆ ಕುಳಿತರು.