ಸೊಸೆಯ ಲೈಸೆನ್ಸಿಗೆ ಎದುರು ಕೂತ ಮಾವ

ತಿಳಿಯದ ಮಾತಿಗೆ ಜೋರಾಗಿ ತಲೆಯಾಡಿಸುವುದು ನನ್ನ ಹಳೆಯ ಚಟ. ಈಗ ಫೋನಿನಲ್ಲಿ ಟೈಪು ಮಾಡುವುದು ಬೇರೆ ಕಲಿತಿದ್ದೇನೆ; ಹಾಗಾಗಿ ತಿಳಿಯದ್ದನ್ನು ಬರೆಯುವ ಧೈರ್ಯವೂ ಬಂದಿದೆ. ಒಂದೊಂದು ಅಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದದ್ದು ಮರೆತುಹೋಗುತ್ತದೆ. ಆದರೂ ಅತ್ತೆಯಾದ ನನಗೆ ಸೊಸೆ ಭಾಗಮ್ಮ ಲೈಸೆನ್ಸು ತೆಗೆದುಕೊಂಡ ಕತೆ ಮರೆಯುವಂಥದ್ದಲ್ಲ.

ನಮ್ಮ ನಿಂಬರ್ಗಾದ ಕಡೆ ಪಂಚಾಯಿತಿಯವರು ಕಸದ ಗಾಡಿಯನ್ನು ಹೆಣ್ಣುಮಕ್ಕಳ ಸಂಘಕ್ಕೆ ಕೊಡುತ್ತೇವೆಂದರು. ಭಾಗಮ್ಮ ಡ್ರೈವರಾಗಲು ಮುಂದೆ ಬಂದಳು. ತೊಗರಿ ಹೊಲದ ಕೂಲಿ ಬಿಟ್ಟು ತಿಂಗಳ ಸಂಬಳದ ಕೆಲಸ! ಆದರೆ ಒಂದು ಷರತ್ತು. ಈ ಸಲದ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಗಾಡಿಯ ಕೀಲಿ ಮೊದಲಿನ ಗಂಡು ಡ್ರೈವರನ ಕೈಗೇ ಹೋಗುತ್ತದೆ.

ಇಲ್ಲಿಂದ ನನ್ನ ತಲೆ ಕೆಟ್ಟಿತು. ಅವಳ ಹತ್ತಿರ ಒಂದು ಲೈಸೆನ್ಸು ಆಗಲೇ ಇತ್ತು. ಅದು ಮನೆಯ ಗಾಡಿ ಓಡಿಸಲಿಕ್ಕಂತೆ. ದುಡಿಮೆಯ ಗಾಡಿಗೆ ಬೇರೆಯದೇ ಬೇಕಂತೆ. ಅದೇ ರಸ್ತೆ, ಅದೇ ಗುಂಡಿ, ಅದೇ ಎಮ್ಮೆ ಅಡ್ಡ ಬರುವುದು. ಮತ್ತೆ ಲೈಸೆನ್ಸು ಏಕೆ ಎರಡು? ಮನೆಗೆ ಬಡಿಯುವ ರೊಟ್ಟಿಗೂ ಖಾನಾವಳಿಗೆ ಬಡಿಯುವ ರೊಟ್ಟಿಗೂ ಹಂಚು ಒಂದೇ ಅಲ್ಲವೇ? ಭಾಗಮ್ಮ ಸಮಾಧಾನದಿಂದ ವಿವರಿಸಿದಳು, ನಾನು ತಲೆಯಾಡಿಸಿದೆ. ಡಾಕ್ಟರರ ಸರ್ಟಿಫಿಕೇಟೂ ಬೇಕೆಂದಾಗ ಅವಳ ಜೊತೆಗೆ ಹೋದೆ. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದು ಎಂದರು. ಅವಳಿಗಿಂತ ಮೊದಲು ನಾನೇ ಗಟ್ಟಿಯಾಗಿ ಓದಿಬಿಟ್ಟೆ. ನನ್ನನ್ನು ಹೊರಗೆ ಕೂರಿಸಿದರು.

ಪರೀಕ್ಷೆ ಆಳಂದದಲ್ಲಿ. ಹೊರಡುವ ಹೊತ್ತಿಗೆ ನನ್ನ ಮೈದುನ, ಅಂದರೆ ಭಾಗಮ್ಮನ ಚಿಕ್ಕಮಾವ, ಗುರುಲಿಂಗಪ್ಪನೂ ತಲೆಗೆ ಪಟಕ ಸುತ್ತಿಕೊಂಡು ಬಂದ. ಹೆಂಗಸರಿಬ್ಬರನ್ನೇ ಕಳಿಸಿದರೆ ಮಂದಿ ಏನಂದಾರು ಎಂಬುದು ಅವನ ಚಿಂತೆ. ಮೊದಲಿನ ಲೈಸೆನ್ಸಿನ ಪರೀಕ್ಷೆಯ ದಿನ ಅವನು ಗಾಣಗಾಪುರಕ್ಕೆ ಹೋಗಿದ್ದ. ಅದು ಎಂಥ ಪುಣ್ಯವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ದೊಡ್ಡದಾಗಿ ಎಂಟರ ಅಂಕಿ ಬರೆದಿದ್ದರು. ಅದರ ಮೇಲೆ ಎಲ್ಲೂ ನಿಲ್ಲಿಸದೆ ಗಾಡಿ ತಿರುಗಿಸಬೇಕು. ಭಾಗಮ್ಮ ಚೆನ್ನಾಗಿಯೇ ಹೊರಟಳು. ಆದರೆ ಬೇವಿನ ಗಿಡದ ಕಡೆ ತಿರುಗಿದ್ದೇ ತಡ, ಗಾಡಿ ಗಕ್ಕನೆ ನಿಂತಿತು. ಎಂಜಿನ್ನು ದಣಿದಿರಬೇಕೆಂದುಕೊಂಡೆ. ಪರೀಕ್ಷೆ ಮಾಡುವ ಸಾಹೇಬರು ಮತ್ತೆ ಮೊದಲಿನಿಂದ ಹೊಡೆಸಿದರು. ಮತ್ತೆ ಅಲ್ಲೇ ನಿಂತಿತು. ಅವರು ಹತ್ತಿರ ಹೋಗಿ ಗಾಡಿ ಕೆಟ್ಟಿದೆಯೇ ಎಂದು ಕೇಳಿದರು. ಒಳಗೆ ನೋಡಿದರೆ ನಮ್ಮ ಡ್ರೈವರಮ್ಮ ಮೂಗಿನ ತನಕ ಸೆರಗು ಎಳೆದುಕೊಂಡು ಕೂತಿದ್ದಾಳೆ.

"ಗಾಡಿ ಛಲೋ ಅದರಿ ಸರ," ಎಂದು ಸೆರಗಿನೊಳಗಿಂದಲೇ ಪಿಸುಗುಟ್ಟಿದಳು. "ಮಾವ ಕುಂತಾರ್ರಿ."

"ಅಡ್ಡ ಕುಂತಿಲ್ಲಲ್ಲಮ್ಮ?"

"ಅಡ್ಡ ಇಲ್ರಿ. ಎದುರು ಕುಂತಾರ."

ನಮ್ಮ ಮನೆಯ ಪದ್ಧತಿ ಹಾಗೆ. ಹಿರಿಯ ಗಂಡಸರು ಎದುರಾದರೆ ಸೊಸೆಯಾದವಳು ಸೆರಗು ಹೊದ್ದು, ಅವರು ದಾಟಿಹೋಗುವ ತನಕ ನಿಲ್ಲಬೇಕು. ಗುರುಲಿಂಗಪ್ಪನೋ ಗಿಡದ ಬುಡದಲ್ಲಿ ಆರಾಮವಾಗಿ ಕೂತಿದ್ದಾನೆ. ಕೂತವನು ದಾಟುವುದು ಹೇಗೆ? ಇನ್ನೊಂದು ಸಲ ನಿಂತರೆ ಫೇಲು ಎಂದು ಸಾಹೇಬರು ಹೇಳಿಬಿಟ್ಟರು. ಭಾಗಮ್ಮನ ಕಣ್ಣು ತುಂಬಿಬಂತು.

ನಾನು ಮೈದುನನ ಹತ್ತಿರ ಓಡಿ, ಎದ್ದು ಚಹಾ ಕುಡಿದು ಬಾ ಎಂದೆ. ಅವನು ಜಪ್ಪಯ್ಯ ಎಂದರೂ ಏಳಲಿಲ್ಲ.

"ನಾ ಯಾಕ ಏಳ್ಲಿ ವೈನಿ? ಮನಿ ಸೊಸಿ ಗಾಡಿ ಹೊಡಿಯೂ ಮುಂದ ಮನಿ ಗಂಡಸು ನೋಡಬೇಕೋ ಬ್ಯಾಡೋ?"

"ನೋಡಪ, ನಿಮ್ಮಿಬ್ಬರಾಗ ಒಬ್ಬರು ಮಾರಿ ಮುಚ್ಕೋಬೇಕು. ಆಕಿ ಕೈಯಾಗ ಸ್ಟೇರಿಂಗ್ ಅದ. ನಿನ್ನ ಕೈ ಖಾಲಿ ಅವ," ಎಂದೆ.

ಅವನು ಅದರ ಅರ್ಥ ಹುಡುಕುತ್ತಿರುವಾಗಲೇ ಅವನದೇ ಹೆಗಲ ಮೇಲಿನ ಟವೆಲು ತೆಗೆದು ಪಟಕದ ಮೇಲಿಂದ ಗದ್ದದ ತನಕ ಇಳಿಬಿಟ್ಟೆ. ಹೊಸ ಮದುಮಗಳ ಹಾಗೆ ಕಂಡ. ಒಳಗೆ ಏನೋ ಗೊಣಗಿದ, ಆದರೆ ತೆಗೆಯಲಿಲ್ಲ. ಅವನಿಗೂ ಸೊಸೆ ಪಾಸಾಗುವುದು ಬೇಕಿತ್ತು. ಮೂರನೆಯ ಸಲ ಹೊರಟ ಭಾಗಮ್ಮ ತಿರುವಿನಲ್ಲಿ ಚೂರು ನಿಧಾನ ಮಾಡಿದಳು, ಟವೆಲನ್ನು ನೋಡಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದಾಟಿಯೇಬಿಟ್ಟಳು. ಸಾಹೇಬರು ನಗುತ್ತಲೇ ಪಾಸು ಮಾಡಿದರು. ಬಸ್ಸಿನಲ್ಲಿ ಗುರುಲಿಂಗಪ್ಪ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದ, ಹ್ಯಾಂಗ ಹೊಡದಳು ಎಂದು. ಪಾಪ, ಅಷ್ಟು ದೂರ ಬಂದು ಅವನು ಏನೂ ನೋಡಿರಲಿಲ್ಲ.

ಈಗ ಭಾಗಮ್ಮ ಊರ ತುಂಬ ಗಾಡಿ ಓಡಿಸುತ್ತಾಳೆ. ಗಾಡಿಯ ಸದ್ದು ಕೇಳಿದರೆ ಕಟ್ಟೆಯ ಮೇಲಿನ ಹಿರಿಯರೇ ಆ ಕಡೆ ಮುಖ ತಿರುಗಿಸಿ ಕೂರುತ್ತಾರೆ. ಮೊನ್ನೆ ಜಿಡಗಾ ಮಠಕ್ಕೆ ಹೋಗಲು ಬಸ್‌ಸ್ಟ್ಯಾಂಡಿನ ತನಕ ಬಿಡಲಿ ಎಂದು ದಾರಿಯಲ್ಲಿ ನಿಂತು ಠೀವಿಯಿಂದ ಕೈ ಮಾಡಿದೆ. ನನ್ನದೇ ಸೊಸೆ, ನನ್ನಿಂದಲೇ ಬಂದ ಲೈಸೆನ್ಸು! ಅವಳು ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದಳು.

"ಅತ್ತಿ, ಇದರಾಗ ಮಂದಿ ಹತ್ತಸೂ ಹಂಗಿಲ್ರಿ. ಕಸ ಅಷ್ಟೇ."

ಲೈಸೆನ್ಸಿನಲ್ಲಿ ಹೀಗೂ ಒಂದು ಬಗೆ ಇದೆಯೆಂದು ಆಗ ತಿಳಿಯಿತು. ಗಾಡಿಯ ಹಿಂಭಾಗದಲ್ಲಿ ಎರಡು ಡಬ್ಬಗಳಿದ್ದವು. ಹಸಿರಿನದು ಹಸಿ ಕಸಕ್ಕೆ, ನೀಲಿಯದು ಒಣ ಕಸಕ್ಕೆ. ನಾನು ಯಾವುದಕ್ಕೆ ಸೇರುತ್ತೇನೆಂದು ಲೆಕ್ಕ ಹಾಕುತ್ತ ನಿಂತಿರುವಾಗಲೇ ಗಾಡಿ ಹೊರಟುಹೋಯಿತು.